ಠೇವಣಿ ಕಳೆದುಕೊಳ್ಳುವವರ ಗಳಿಕೆ

2025ರ ನವೆಂಬರ್ 14ರಂದು ಬಿಹಾರ ವಿಧಾನಸಭಾ ಚುನಾವಣೆಯ ಫಲಿತಾಂಶ ಪ್ರಕಟವಾದಾಗ ದೇಶದ ಗಮನವೆಲ್ಲ ಎನ್‌ಡಿಎ ಗಳಿಸಿದ 202 ಸ್ಥಾನಗಳ ಕಡೆಗೆ ಹರಿದದ್ದು ಸಹಜವೇ. ಆ ಪ್ರವಾಹದಲ್ಲಿ ಕೊಚ್ಚಿಹೋದ ಸಣ್ಣಪುಟ್ಟ ಲೆಕ್ಕಗಳನ್ನು ಕೇಳುವವರಿರಲಿಲ್ಲ. ಅಂಥ ಲೆಕ್ಕಗಳಲ್ಲಿ ಒಂದು ಸಿಪಿಐ (ಎಂಎಲ್) ಲಿಬರೇಷನ್ ಪಕ್ಷದ್ದು. 2020ರಲ್ಲಿ 19 ಕ್ಷೇತ್ರಗಳಲ್ಲಿ ಸ್ಪರ್ಧಿಸಿ 12ರಲ್ಲಿ ಗೆದ್ದಿದ್ದ ಈ ಪಕ್ಷ 2025ರಲ್ಲಿ 20 ಕ್ಷೇತ್ರಗಳಲ್ಲಿ ಸ್ಪರ್ಧಿಸಿ ಎರಡನ್ನು ಮಾತ್ರ ದಕ್ಕಿಸಿಕೊಂಡಿತು. ಭೋಜಪುರ ಜಿಲ್ಲೆಯ ಅಗಿಆಂವ್ ಮೀಸಲು ಕ್ಷೇತ್ರ ಅದರ ಕೈತಪ್ಪಿದ್ದು ಕೇವಲ 95 ಮತಗಳಿಂದ.

ಇದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ, ಅಕ್ಟೋಬರ್ ನಡುವಿನಲ್ಲಿ, ಮಹಾರಾಷ್ಟ್ರದ ಗಢಚಿರೋಲಿಯಲ್ಲಿ ಸಿಪಿಐ (ಮಾವೋವಾದಿ) ಪಕ್ಷದ ಅಗ್ರ ನಾಯಕ ಮಲ್ಲೋಜುಲ ವೇಣುಗೋಪಾಲ ರಾವ್ ಸುಮಾರು 60 ಸಂಗಾತಿಗಳೊಡನೆ ಶಸ್ತ್ರ ಒಪ್ಪಿಸಿದ್ದರು. ನಮ್ಮ ರಾಜ್ಯದಲ್ಲಿಯೂ 2025ರ ಜನವರಿ 8ರಂದು ಆರು ಮಂದಿ ನಕ್ಸಲೀಯರು ಮುಖ್ಯಮಂತ್ರಿಗಳ ಸಮ್ಮುಖದಲ್ಲಿ ಕಾಡಿನ ಬದುಕಿಗೆ ವಿದಾಯ ಹೇಳಿದ್ದರು. ಇಂಥ ಪ್ರತಿ ಸಂದರ್ಭದಲ್ಲಿಯೂ ಸರ್ಕಾರಗಳ ಬಾಯಲ್ಲಿ ಒಂದೇ ಪದ ಕೇಳಿಬರುತ್ತದೆ: ಮುಖ್ಯವಾಹಿನಿ. ಬಂದೂಕು ಕೆಳಗಿಟ್ಟು ಮುಖ್ಯವಾಹಿನಿಗೆ ಬನ್ನಿ, ನಿಮ್ಮ ಬೇಡಿಕೆಗಳನ್ನು ಪ್ರಜಾಸತ್ತಾತ್ಮಕವಾಗಿ ಮಂಡಿಸಿ ಎಂಬುದು ಆಹ್ವಾನದ ಒಕ್ಕಣೆ. ಈ ಆಹ್ವಾನ ಸರಿಯಾದದ್ದೇ. ಆದರೆ ಅದನ್ನು ನಾಲ್ಕು ದಶಕಗಳ ಹಿಂದೆಯೇ ತಾನಾಗಿ ಸ್ವೀಕರಿಸಿದ ಒಂದು ಪಕ್ಷದ ಅನುಭವವೇನು, ನಮ್ಮ ಚುನಾವಣಾ ವ್ಯವಸ್ಥೆ ಅದನ್ನು ಹೇಗೆ ನಡೆಸಿಕೊಂಡಿತು ಎಂಬುದನ್ನು ಪರಿಶೀಲಿಸದೆ ಈ ಆಹ್ವಾನದ ಬೆಲೆಯನ್ನು ತಿಳಿಯಲಾಗದು.

ಬಿಹಾರದ ಗ್ರಾಮೀಣರು 'ಮಾಲೆ' ಎಂದು ಕರೆಯುವ ಈ ಪಕ್ಷದ ಕಥೆ ಬಂದೂಕಿನಿಂದ ಆರಂಭವಾಯಿತೆಂದು ಅನೇಕರು ಭಾವಿಸಿದ್ದಾರೆ. ಭೋಜಪುರದ ಮಟ್ಟಿಗೆ ಅದು ಆರಂಭವಾದದ್ದು ಮತಪೆಟ್ಟಿಗೆಯಿಂದ. 1967ರ ಸಾರ್ವತ್ರಿಕ ಚುನಾವಣೆಯಲ್ಲಿ ಸಹಾರ್ ವಿಧಾನಸಭಾ ಕ್ಷೇತ್ರದಿಂದ ರಾಮ್ ನರೇಶ್ ರಾಮ್ ಎಂಬ ದಲಿತ ಕಾರ್ಯಕರ್ತರು ಸಿಪಿಎಂ ಅಭ್ಯರ್ಥಿಯಾಗಿ ನಿಂತರು. ಆರಾ ಪಟ್ಟಣದಲ್ಲಿ ಶಾಲಾ ಶಿಕ್ಷಕರಾಗಿದ್ದ ಜಗದೀಶ್ ಮಹತೋ ಅವರ ಪರವಾಗಿ ದುಡಿಯುತ್ತಿದ್ದರು. ಮತದಾನದ ದಿನ ಏಕವಾರಿ ಗ್ರಾಮದಲ್ಲಿ ನಡೆಯುತ್ತಿದ್ದ ಅಕ್ರಮವನ್ನು ತಡೆಯಹೋದ ಮಹತೋ ಅವರನ್ನು ಭೂಮಾಲೀಕರ ಕಡೆಯವರು ಪ್ರಾಣಾಂತಿಕವಾಗಿ ಥಳಿಸಿದರು. ಬಡವರ ಮತವನ್ನು ಬಡವರೇ ಚಲಾಯಿಸಬೇಕೆಂದು ಕೇಳಿದ್ದು ಅವರ ಅಪರಾಧ. ಅದೇ ವರ್ಷ ಉತ್ತರ ಬಂಗಾಳದ ನಕ್ಸಲ್‌ಬಾರಿಯಲ್ಲಿ ರೈತರ ದಂಗೆ ನಡೆಯಿತು. 1969ರಲ್ಲಿ ಸಿಪಿಐ (ಎಂಎಲ್) ಸ್ಥಾಪನೆಯಾಯಿತು. ಚಾರು ಮಜುಂದಾರ್ ಚುನಾವಣಾ ಬಹಿಷ್ಕಾರದ ಕರೆ ನೀಡಿದರು. ಕೊಂಚ ಕಾಲದಲ್ಲೇ ಆ ಶಾಲಾ ಶಿಕ್ಷಕರು ಶಸ್ತ್ರಸಜ್ಜಿತ ಹೋರಾಟದ ನಾಯಕರಾದರು, 1972ರಲ್ಲಿ ಹತರಾದರು. ಮತಗಟ್ಟೆಯ ಬಾಗಿಲು ಮುಚ್ಚಿದಾಗ ಜನ ಬೇರೆ ಬಾಗಿಲು ಹುಡುಕುತ್ತಾರೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ನಮ್ಮ ಇತಿಹಾಸದಲ್ಲಿ ವಿರಳ.

ಚಾರು ಮಜುಂದಾರ್ 1972ರ ಜುಲೈನಲ್ಲಿ ಕಲ್ಕತ್ತಾದ ಪೊಲೀಸ್ ಬಂಧನದಲ್ಲಿ ತೀರಿಕೊಂಡ ನಂತರ ಪಕ್ಷ ಹೋಳುಹೋಳಾಯಿತು. 1974ರಲ್ಲಿ ಅದರ ಒಂದು ಬಣ ಪುನಸ್ಸಂಘಟಿತವಾಯಿತು. ಅದೇ ಇಂದಿನ ಲಿಬರೇಷನ್. ಅದರ ಪ್ರಧಾನ ಕಾರ್ಯದರ್ಶಿ ಸುಬ್ರತ ದತ್ತ 1975ರಲ್ಲಿ ಭೋಜಪುರದಲ್ಲಿ ಹತರಾದ ಮೇಲೆ ವಿನೋದ್ ಮಿಶ್ರ ಆ ಸ್ಥಾನಕ್ಕೆ ಬಂದರು. ಭೂಗತವಾಗಿದ್ದುಕೊಂಡೇ ಈ ಗುಂಪು ಆತ್ಮಾವಲೋಕನಕ್ಕೆ ತೊಡಗಿತು. 1982ರಲ್ಲಿ ಇಂಡಿಯನ್ ಪೀಪಲ್ಸ್ ಫ್ರಂಟ್ ಎಂಬ ಬಹಿರಂಗ ವೇದಿಕೆ ಹುಟ್ಟಿತು. 1985ರಲ್ಲಿ ಆ ವೇದಿಕೆ ಬಿಹಾರ ವಿಧಾನಸಭಾ ಚುನಾವಣೆಗೆ ಅಭ್ಯರ್ಥಿಗಳನ್ನು ನಿಲ್ಲಿಸಿತು. 1989ರ ಲೋಕಸಭಾ ಚುನಾವಣೆಯಲ್ಲಿ ಆರಾ ಕ್ಷೇತ್ರದಿಂದ ರಾಮೇಶ್ವರ ಪ್ರಸಾದ್ ಗೆದ್ದು, ನಕ್ಸಲೀಯ ಪರಂಪರೆಯಿಂದ ಸಂಸತ್ತು ಪ್ರವೇಶಿಸಿದ ಮೊದಲಿಗರೆನಿಸಿದರು. 1990ರಲ್ಲಿ ಏಳು ಮಂದಿ ವಿಧಾನಸಭೆಗೆ ಬಂದರು. 1992ರ ಡಿಸೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಸಮಾವೇಶ ನಡೆಸಿ ಪಕ್ಷ ಭೂಗತ ಬದುಕನ್ನು ಕೊನೆಗಾಣಿಸಿತು. 1995ರಲ್ಲಿ ಸಹಾರ್ ಕ್ಷೇತ್ರ ರಾಮ್ ನರೇಶ್ ರಾಮ್ ಅವರನ್ನು ಶಾಸಕರನ್ನಾಗಿ ಆರಿಸಿತು. 1967ರಿಂದ ಲೆಕ್ಕ ಹಾಕಿದರೆ ಇಪ್ಪತ್ತೆಂಟು ವರ್ಷ.

ಈ ಇಪ್ಪತ್ತೆಂಟು ವರ್ಷಗಳಲ್ಲಿ ನಡೆದದ್ದು ಕೇವಲ ಒಂದು ಪಕ್ಷದ ನಿಲುವಿನ ಬದಲಾವಣೆಯಲ್ಲ. ದಕ್ಷಿಣ ಬಿಹಾರದ ಅನೇಕ ಹಳ್ಳಿಗಳಲ್ಲಿ ದಲಿತ ಕೂಲಿಕಾರರು ಸ್ವಾತಂತ್ರ್ಯ ಬಂದು ನಾಲ್ಕು ದಶಕಗಳಾದ ಮೇಲೆ ಮೊದಲ ಬಾರಿಗೆ ತಮ್ಮ ಮತವನ್ನು ತಾವೇ ಚಲಾಯಿಸಿದ್ದು 1989ರಲ್ಲಿ. ಅದಕ್ಕೆ ತೆತ್ತ ಬೆಲೆಯೂ ಅಷ್ಟೇ ಭಯಂಕರ. ಆ ಚುನಾವಣೆಯ ಸಂದರ್ಭದಲ್ಲಿಯೇ ಭೋಜಪುರದ ದನ್ವಾರ್-ಬಿಹಟಾದಲ್ಲಿ ಮತ ಹಾಕುವ ಧೈರ್ಯ ತೋರಿದ ದಲಿತರ ಹತ್ಯಾಕಾಂಡ ನಡೆಯಿತು. 1994ರಲ್ಲಿ ಭೂಮಾಲೀಕರ ರಣವೀರ ಸೇನೆ ಹುಟ್ಟಿಕೊಂಡಿತು. 1996ರ ಜುಲೈ 11ರಂದು ಸಹಾರ್ ಪ್ರದೇಶದ ಬಥಾನಿ ಟೋಲಾದಲ್ಲಿ 21 ಮಂದಿ, 1997ರ ಡಿಸೆಂಬರ್ 1ರಂದು ಲಕ್ಷ್ಮಣಪುರ ಬಾಥೆಯಲ್ಲಿ 58 ಮಂದಿ ಅದರ ಕೈಯಲ್ಲಿ ಕೊಲೆಯಾದರು. ಸತ್ತವರಲ್ಲಿ ಹೆಂಗಸರು, ಹಸುಗೂಸುಗಳೇ ಹೆಚ್ಚು. ಪಟ್ನಾ ಹೈಕೋರ್ಟ್ 2012 ಮತ್ತು 2013ರಲ್ಲಿ ಈ ಎರಡೂ ಪ್ರಕರಣಗಳಲ್ಲಿ ಕೆಳ ನ್ಯಾಯಾಲಯ ಶಿಕ್ಷಿಸಿದ್ದವರನ್ನು ಖುಲಾಸೆಗೊಳಿಸಿತು. ಜೆಎನ್‌ಯು ವಿದ್ಯಾರ್ಥಿ ಸಂಘದ ಮಾಜಿ ಅಧ್ಯಕ್ಷ ಚಂದ್ರಶೇಖರ್ ಪ್ರಸಾದ್ 1997ರ ಮಾರ್ಚ್ 31ರಂದು ಸಿವಾನ್ ಪಟ್ಟಣದ ಬೀದಿಯಲ್ಲಿ ಗುಂಡಿಗೆ ಬಲಿಯಾದರು. ಬಗೋದರ್ ಕ್ಷೇತ್ರವನ್ನು ಮೂರು ಬಾರಿ ಗೆದ್ದಿದ್ದ ಮಹೇಂದ್ರ ಸಿಂಗ್ 2005ರ ಜನವರಿ 16ರಂದು ಹತರಾದರು. ಇಷ್ಟಾದರೂ ಪಕ್ಷ ಮತಗಟ್ಟೆಯನ್ನು ಬಿಟ್ಟು ಮತ್ತೆ ಭೂಗತವಾಗಲಿಲ್ಲ. ಮುಖ್ಯವಾಹಿನಿಯ ಬಗ್ಗೆ ಉಪದೇಶ ಮಾಡುವವರು ಗಮನಿಸಬೇಕಾದ ಸಂಗತಿ ಇದು.

2005ರ ಅಕ್ಟೋಬರ್-ನವೆಂಬರ್‌ನಲ್ಲಿ ಬಿಹಾರದಲ್ಲಿ ನಡೆದ ಚುನಾವಣೆಗೆ ವೀಕ್ಷಕನಾಗಿ ಹೋಗಿದ್ದಾಗ ಆ ಸೀಮೆಯ ಒಂದು ಹಳ್ಳಿಯಲ್ಲಿ ಕಂಡದ್ದು ಇಲ್ಲಿ ಪ್ರಸ್ತುತ. ಮೇಲ್ಜಾತಿಯವರ ಕೇರಿಯಲ್ಲಿದ್ದ ಮತಗಟ್ಟೆಯ ಬದಲು ಕೂಲಿಕಾರರ ಟೋಲಾಕ್ಕೇ ಪ್ರತ್ಯೇಕ ಮತಗಟ್ಟೆ ಒದಗಿಸಲಾಗಿತ್ತು. ಅರೆಸೇನಾ ಪಡೆಯ ಕಾವಲಿತ್ತು. ಮತ ಹಾಕಿ ಬಂದ ಒಬ್ಬ ವೃದ್ಧರು ಅಭ್ಯರ್ಥಿಗಳ ಬಗ್ಗೆಯಾಗಲಿ ಸರ್ಕಾರದ ಬಗ್ಗೆಯಾಗಲಿ ಏನನ್ನೂ ಹೇಳಲಿಲ್ಲ. ಮುಂದಿನ ಸಲವೂ ಮತಗಟ್ಟೆ ಇಲ್ಲಿಯೇ ಇರುತ್ತದೆಯೇ ಎಂದಷ್ಟೇ ಕೇಳಿದರು. ಸುಭದ್ರ ನಗರ ಬಡಾವಣೆಯ ನಿವಾಸಿಗಳಾದ ನಮಗೆ ಮತಗಟ್ಟೆಯ ವಿಳಾಸ ಒಂದು ಚೀಟಿಯ ಸಾಲು. ಅವರಿಗೆ ಅದು ಪೌರತ್ವದ ವಿಳಾಸ.

ಇಷ್ಟು ಹೇಳಿದ ಮಾತ್ರಕ್ಕೆ ಈ ಪಕ್ಷದ ದೋಷಗಳನ್ನು ಮರೆಮಾಚಬೇಕಾಗಿಲ್ಲ. ಅದರ ಗತಕಾಲದಲ್ಲಿ ರಕ್ತದ ಕಲೆಗಳಿವೆ. ಭೂಮಾಲೀಕರ ಖಾಸಗಿ ಸೇನೆಗಳೊಂದಿಗೆ ಮಾತ್ರವಲ್ಲ, ಇತರ ನಕ್ಸಲೀಯ ಬಣಗಳೊಂದಿಗೂ ಅದು ಹಿಂಸಾತ್ಮಕ ಸಂಘರ್ಷ ನಡೆಸಿದೆ. 2024ರ ಫೆಬ್ರುವರಿಯಲ್ಲಿ ಅಗಿಆಂವ್ ಕ್ಷೇತ್ರದ ಅದರ ಶಾಸಕರು ಕೊಲೆ ಪ್ರಕರಣವೊಂದರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾಗಿ ಸದಸ್ಯತ್ವ ಕಳೆದುಕೊಂಡರು. 1990ರಲ್ಲಿ ಗೆದ್ದವರಲ್ಲಿ ಕೆಲವರು ಅಂದಿನ ಆಡಳಿತ ಪಕ್ಷದ ಆಮಿಷಕ್ಕೆ ಸಿಲುಕಿ ಪಕ್ಷಾಂತರ ಮಾಡಿದರು. ಕ್ರಾಂತಿಯ ದೀಕ್ಷೆ ಪಕ್ಷಾಂತರಕ್ಕೆ ಮದ್ದಲ್ಲವೆಂಬುದು ಆಗಲೇ ತಿಳಿದುಹೋಯಿತು. ಯಾವ ಪಕ್ಷದ ಆಳ್ವಿಕೆಯ ವಿರುದ್ಧ 1990ರ ದಶಕದುದ್ದಕ್ಕೂ ಬೀದಿಯಲ್ಲಿ ಹೋರಾಡಿತೋ ಅದರ ವಾರಸುದಾರರೊಂದಿಗೇ 2020ರಲ್ಲಿ ಮೈತ್ರಿ ಮಾಡಿಕೊಂಡಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇನ್ನೊಂದು ಆಕ್ಷೇಪವಿದೆ. ಬಿಹಾರದ ಕೂಲಿಕಾರನ ಬದುಕು ಇಂದು ಊರಿನ ಗದ್ದೆಗಿಂತ ಹೆಚ್ಚಾಗಿ ಪಂಜಾಬಿನ ಹೊಲ, ಸೂರತ್ತಿನ ಮಗ್ಗ, ಬೆಂಗಳೂರಿನ ಕಟ್ಟಡ ಕಾಮಗಾರಿಗಳನ್ನು ಅವಲಂಬಿಸಿದೆ. ಭೂಮಿಯ ಮರುಹಂಚಿಕೆಯನ್ನೇ ಕೇಂದ್ರವಾಗಿರಿಸಿಕೊಂಡ ಕಾರ್ಯಕ್ರಮ ಈ ವಲಸೆಯ ಅರ್ಥವ್ಯವಸ್ಥೆಗೆ ಸಮಗ್ರ ಉತ್ತರವಾಗಲಾರದು.

ಆದರೂ ಭೂಮಿಯ ಪ್ರಶ್ನೆ ಅಪ್ರಸ್ತುತವೆನ್ನುವಂತಿಲ್ಲ. ಬಿಹಾರ ಸರ್ಕಾರವೇ 2006ರಲ್ಲಿ ಭೂಸುಧಾರಣಾ ಆಯೋಗವೊಂದನ್ನು ನೇಮಿಸಿತು. ಅದರ ಅಧ್ಯಕ್ಷರು ಪಶ್ಚಿಮ ಬಂಗಾಳದ ಆಪರೇಷನ್ ಬರ್ಗಾದ ರೂವಾರಿಯಾಗಿದ್ದ ಹಿರಿಯ ಐಎಎಸ್ ಅಧಿಕಾರಿ ಡಿ. ಬಂದೋಪಾಧ್ಯಾಯ. 2008ರಲ್ಲಿ ಸಲ್ಲಿಸಿದ ವರದಿಯಲ್ಲಿ ಅವರು ಪಾಲುಗೇಣಿದಾರರಿಗೆ ಕಾನೂನಿನ ರಕ್ಷಣೆ ಕೊಡಬೇಕೆಂದೂ ಭೂರಹಿತರಿಗೆ ಮನೆಯ ಜಾಗ ಕೊಡಬೇಕೆಂದೂ ಶಿಫಾರಸು ಮಾಡಿದರು. ಸರ್ಕಾರ ಹಿಂಜರಿಯಿತು, ವರದಿ ಮೂಲೆ ಸೇರಿತು. ಒಬ್ಬ ಸರ್ಕಾರಿ ಅಧಿಕಾರಿ ಕಚೇರಿಯ ಭಾಷೆಯಲ್ಲಿ ಬರೆದದ್ದಕ್ಕೂ ಮಾಲೆ ಕಾರ್ಯಕರ್ತರು ಘೋಷಣೆಯ ಭಾಷೆಯಲ್ಲಿ ಕೂಗುತ್ತಿದ್ದುದಕ್ಕೂ ಸಾರದಲ್ಲಿ ಬಹಳ ಅಂತರವಿರಲಿಲ್ಲ. ದೊಡ್ಡ ಪಕ್ಷಗಳು ಕೈಬಿಟ್ಟ ವಿಷಯವನ್ನು ಸದನದಲ್ಲಿ ಜೀವಂತವಾಗಿರಿಸುವುದೇ ಸಣ್ಣ ಪಕ್ಷವೊಂದರ ಮುಖ್ಯ ಉಪಯೋಗ.

ಇದು ಕನ್ನಡಿಗರಿಗೆ ಅಪರಿಚಿತ ಪಾಠವೇನಲ್ಲ. 1951ರ ಕಾಗೋಡು ಸತ್ಯಾಗ್ರಹದ ಹಿನ್ನೆಲೆಯಲ್ಲಿ 1952ರಲ್ಲಿ ಶಾಂತವೇರಿ ಗೋಪಾಲಗೌಡರು ಮೈಸೂರು ವಿಧಾನಸಭೆಗೆ ಬಂದಾಗ ಸಮಾಜವಾದಿ ಪಕ್ಷದ ಶಾಸಕರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆ ಪಕ್ಷ ಈ ರಾಜ್ಯದಲ್ಲಿ ಎಂದೂ ಅಧಿಕಾರ ಹಿಡಿಯಲಿಲ್ಲ. ಆದರೆ ಗೇಣಿದಾರನ ಹಕ್ಕಿನ ಪ್ರಶ್ನೆಯನ್ನು ಅದು ಸದನದಿಂದ ಹೊರಹೋಗಲು ಬಿಡಲಿಲ್ಲ. 1974ರಲ್ಲಿ ದೇವರಾಜ ಅರಸು ಸರ್ಕಾರ ಗೇಣಿ ಪದ್ಧತಿಯನ್ನು ರದ್ದುಪಡಿಸಿ ಉಳುವವನನ್ನು ಹೊಲದೊಡೆಯನನ್ನಾಗಿಸಿದಾಗ ಆ ಶಾಸನಕ್ಕೆ ಸಹಿ ಹಾಕಿದ್ದು ಕಾಂಗ್ರೆಸ್ಸು. ಅದಕ್ಕೆ ನೆಲ ಹದಮಾಡಿದವರಲ್ಲಿ ಸೋತ ಸಮಾಜವಾದಿಗಳೂ ಇದ್ದರು. ಬಾಗೇಪಲ್ಲಿಯಿಂದ 1994 ಮತ್ತು 2004ರಲ್ಲಿ ಗೆದ್ದ ಸಿಪಿಎಂನ ಜಿ.ವಿ. ಶ್ರೀರಾಮರೆಡ್ಡಿ, 2023ರಲ್ಲಿ ಮೇಲುಕೋಟೆಯಿಂದ ಗೆದ್ದ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಮುಂತಾದವರು ಸದನದಲ್ಲಿ ಒಂಟಿ ದನಿಗಳೇ. ಒಂಟಿ ದನಿಗೆ ಮತಗಳ ಎಣಿಕೆಯಲ್ಲಿ ತೂಕವಿಲ್ಲ. ಕಡತದಲ್ಲಿ ದಾಖಲಾಗುವ ಪ್ರಶ್ನೆಗೆ ತೂಕವಿದೆ. ಒಬ್ಬ ಶಾಸಕರು ಕೇಳಿದ ಒಂದು ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ಇಡೀ ಇಲಾಖೆ ಹೇಗೆ ಎಚ್ಚೆತ್ತು ಕೂರುತ್ತದೆಂಬುದನ್ನು ಸಚಿವಾಲಯದಲ್ಲಿ ಕೆಲಸ ಮಾಡಿದವರೆಲ್ಲರೂ ಬಲ್ಲರು.

ಇನ್ನು ಇಂಥ ಪಕ್ಷಗಳು ಎದುರಿಸುವ ನಿಯಮಗಳ ಕಡೆಗೆ ಬರೋಣ. ಮೊದಲನೆಯದು ಠೇವಣಿ. ಲೋಕಸಭೆಗೆ ಸ್ಪರ್ಧಿಸುವವರು 25,000 ರೂಪಾಯಿ, ವಿಧಾನಸಭೆಗೆ ಸ್ಪರ್ಧಿಸುವವರು 10,000 ರೂಪಾಯಿ ಠೇವಣಿ ಇಡಬೇಕು. ಪರಿಶಿಷ್ಟ ಜಾತಿ, ಪಂಗಡಗಳ ಅಭ್ಯರ್ಥಿಗಳಿಗೆ ಅರ್ಧ. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗ ದೊರೆಯದಿದ್ದರೆ ಠೇವಣಿ ಸರ್ಕಾರದ ಪಾಲು. ಈ ಮೊತ್ತ ಏರಿದ್ದಕ್ಕೆ ಒಂದು ಹಿನ್ನೆಲೆಯುಂಟು. 1996ರಲ್ಲಿ ತಮಿಳುನಾಡಿನ ಮೊಡಕುರಿಚ್ಚಿ ವಿಧಾನಸಭಾ ಕ್ಷೇತ್ರದಲ್ಲಿ 1,033, ಆಂಧ್ರದ ನಲ್ಗೊಂಡ ಲೋಕಸಭಾ ಕ್ಷೇತ್ರದಲ್ಲಿ 480, ನಮ್ಮ ಬೆಳಗಾವಿಯಲ್ಲಿ 456 ಅಭ್ಯರ್ಥಿಗಳು ಕಣದಲ್ಲಿದ್ದರು. ಮತಪತ್ರ ಪುಸ್ತಕದ ಗಾತ್ರಕ್ಕೆ ಬೆಳೆಯಿತು. ಅದೇ ವರ್ಷ ಕಾನೂನಿಗೆ ತಿದ್ದುಪಡಿ ತಂದು ಲೋಕಸಭೆಯ ಠೇವಣಿಯನ್ನು 500ರಿಂದ 10,000 ರೂಪಾಯಿಗೆ ಏರಿಸಲಾಯಿತು. ಮಾನ್ಯತೆ ಇಲ್ಲದ ಪಕ್ಷಗಳ ಅಭ್ಯರ್ಥಿಗಳಿಗೂ ಪಕ್ಷೇತರರಿಗೂ ಹತ್ತು ಮಂದಿ ಸೂಚಕರ ಸಹಿ ಕಡ್ಡಾಯವಾಯಿತು. ಆಡಳಿತಗಾರನಾಗಿ ಈ ತಿದ್ದುಪಡಿಯ ಅಗತ್ಯವನ್ನು ನಾನು ಒಪ್ಪುತ್ತೇನೆ. ಆದರೆ ನಲ್ಗೊಂಡದ ಜನ ತಮಾಷೆಗಾಗಿ ನಾಮಪತ್ರ ಸಲ್ಲಿಸಿರಲಿಲ್ಲ. ಫ್ಲೋರೈಡ್ ಬೆರೆತ ನೀರು ಕುಡಿದು ಮೂಳೆ ಸೊಟ್ಟಗಾದವರ ಜಿಲ್ಲೆಯ ಮೊರೆ ಅದು. ಬಾಗಿಲು ಕಿರಿದು ಮಾಡಿದ್ದರಿಂದ ಮತಪತ್ರ ಚಿಕ್ಕದಾಯಿತು. ನೀರಿನ ಸಮಸ್ಯೆ ಚಿಕ್ಕದಾಗಲಿಲ್ಲ.

ಹತ್ತು ಸೂಚಕರ ನಿಯಮ ಕಾಗದದ ಮೇಲೆ ಸರಳವಾಗಿ ಕಾಣುತ್ತದೆ. ಚುನಾವಣಾಧಿಕಾರಿಯಾಗಿ ನಾಮಪತ್ರ ಪರಿಶೀಲಿಸುವಾಗ ಅದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಸೂಚಕರು ಅದೇ ಕ್ಷೇತ್ರದ ಮತದಾರರಾಗಿರಬೇಕು. ಹಳ್ಳಿಯೊಂದರ ಎರಡು ಪಾಲು ಎರಡು ಕ್ಷೇತ್ರಗಳಿಗೆ ಹಂಚಿಹೋಗಿರುವ ಕಡೆ ಹತ್ತರಲ್ಲಿ ಒಬ್ಬರ ಹೆಸರು ಪಕ್ಕದ ಕ್ಷೇತ್ರದ ಪಟ್ಟಿಯಲ್ಲಿದ್ದರೂ ನಾಮಪತ್ರ ಅಸಿಂಧು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಜೊತೆಗೆ ವಕೀಲರ ಪಡೆಯೇ ಇರುತ್ತದೆ. ಕಾನೂನು ಎಲ್ಲರಿಗೂ ಒಂದೇ ಎಂಬ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದರ ಭಾರ ಎಲ್ಲರ ಹೆಗಲ ಮೇಲೂ ಒಂದೇ ಅಲ್ಲ.

ಎರಡನೆಯದು ಹಣ. 2022ರಿಂದ ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚದ ಮಿತಿ 95 ಲಕ್ಷ ರೂಪಾಯಿ, ವಿಧಾನಸಭಾ ಅಭ್ಯರ್ಥಿಯದು 40 ಲಕ್ಷ. ಅಭ್ಯರ್ಥಿಗೆ ಮಿತಿಯಿದೆ, ಪಕ್ಷಕ್ಕೆ ಮಿತಿಯೇ ಇಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಮನೆಯಂತೆ ಈ ವ್ಯವಸ್ಥೆ. 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ ಯೋಜನೆಯಲ್ಲಿ ಕಳೆದ ಚುನಾವಣೆಯಲ್ಲಿ ಕನಿಷ್ಠ ಶೇ 1ರಷ್ಟು ಮತ ಪಡೆದ ಪಕ್ಷಗಳಿಗೆ ಮಾತ್ರ ಬಾಂಡ್ ಪಡೆಯುವ ಅರ್ಹತೆಯಿತ್ತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಆ ಯೋಜನೆಯನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಆದರೆ ಬಾಂಡ್ ಹೋದ ಮಾತ್ರಕ್ಕೆ ಹಣದ ಅಸಮತೆ ಹೋಗಲಿಲ್ಲ. ಚುನಾವಣೆಗೆ ಸರ್ಕಾರಿ ನೆರವಿನ ಬಗ್ಗೆ 1998ರಲ್ಲಿ ವರದಿ ನೀಡಿದ ಇಂದ್ರಜಿತ್ ಗುಪ್ತ ಸಮಿತಿಯೂ ನೆರವನ್ನು ಮಾನ್ಯತೆ ಪಡೆದ ಪಕ್ಷಗಳಿಗೆ ಸೀಮಿತಗೊಳಿಸಲು ಹೇಳಿತು. ಅದರ ಅಧ್ಯಕ್ಷರು ಸ್ವತಃ ಕಮ್ಯುನಿಸ್ಟರೆಂಬುದು ಗಮನಾರ್ಹ. ಹೊಟ್ಟೆ ತುಂಬಿದವರಿಗೆ ಮೊದಲ ಪಂಕ್ತಿಯೆಂಬುದು ನಮ್ಮ ಸುಧಾರಣಾ ಚಿಂತನೆಯಲ್ಲಿಯೂ ಬೇರೂರಿದೆ.

ಮೂರನೆಯದು ಹಾಗೂ ಎಲ್ಲಕ್ಕಿಂತ ಮುಖ್ಯವಾದದ್ದು ಮತವನ್ನು ಸ್ಥಾನವನ್ನಾಗಿ ಪರಿವರ್ತಿಸುವ ಪದ್ಧತಿ. ಅತಿ ಹೆಚ್ಚು ಮತ ಪಡೆದವನೇ ವಿಜೇತನೆಂಬ ಈ ಪದ್ಧತಿ ಬ್ರಿಟಿಷರಿಂದ ನಮಗೆ ಬಂದ ಬಳುವಳಿ. 2025ರ ಬಿಹಾರದಲ್ಲಿ ಆರ್‌ಜೆಡಿ ಸುಮಾರು ಶೇ 23ರಷ್ಟು ಮತ ಪಡೆದು 25 ಸ್ಥಾನ ಗಳಿಸಿದರೆ ಬಿಜೆಪಿ ಸುಮಾರು ಶೇ 20ರಷ್ಟು ಮತ ಪಡೆದು 89 ಸ್ಥಾನ ಗಳಿಸಿತು. ಆರ್‌ಜೆಡಿ ಹೆಚ್ಚು ಕ್ಷೇತ್ರಗಳಲ್ಲಿ ಸ್ಪರ್ಧಿಸಿತ್ತೆಂಬುದನ್ನು ಗಣನೆಗೆ ತೆಗೆದುಕೊಂಡರೂ ಈ ಅಂತರ ಕಣ್ಣಿಗೆ ಹೊಡೆಯುವಂಥದ್ದು. ಲಿಬರೇಷನ್ ಪಕ್ಷದ ಮತಪಾಲು 2020 ಮತ್ತು 2025ರಲ್ಲಿ ಶೇ 3ರ ಆಸುಪಾಸಿನಲ್ಲೇ ಇತ್ತು. ಸ್ಥಾನಗಳು ಮಾತ್ರ 12ರಿಂದ 2ಕ್ಕೆ ಕುಸಿದವು. 2010ರಲ್ಲಿ ಮೈತ್ರಿಯಿಲ್ಲದೆ ಏಕಾಂಗಿಯಾಗಿ ನಿಂತಾಗ ಅದಕ್ಕೆ ಒಂದು ಸ್ಥಾನವೂ ಬಂದಿರಲಿಲ್ಲ. ಅದೇ ಪಕ್ಷ 2024ರ ಲೋಕಸಭಾ ಚುನಾವಣೆಯಲ್ಲಿ ಮೈತ್ರಿಯ ಬಲದಿಂದ ಆರಾದಲ್ಲಿ ಕೇಂದ್ರ ಸಚಿವರನ್ನೂ ಕಾರಾಕಾಟ್‌ನಲ್ಲಿ ಮಾಜಿ ಕೇಂದ್ರ ಸಚಿವರನ್ನೂ ಸೋಲಿಸಿತು. ಅಂದರೆ ಇಂಥ ಪಕ್ಷದ ಮುಂದಿರುವುದು ಎರಡೇ ದಾರಿ: ಒಂಟಿಯಾಗಿ ನಿಂತು ಸೋಲುವುದು, ಇಲ್ಲವೇ ದೊಡ್ಡ ಪಕ್ಷವೊಂದರ ನೆರಳಿಗೆ ಸರಿಯುವುದು. ನೆರಳಿಗೆ ಸರಿದರೆ ತತ್ವ ಮಾರಿಕೊಂಡರೆಂದೂ, ಒಂಟಿಯಾಗಿ ನಿಂತರೆ ಮತ ಒಡೆದರೆಂದೂ ಟೀಕೆ ಕೇಳಬೇಕಾಗುತ್ತದೆ. ನಾನು ಮೇಲೆ ಆಕ್ಷೇಪಿಸಿದ ಮೈತ್ರಿಯ ಹಿಂದೆ ಈ ಒತ್ತಡವಿದೆಯೆಂಬುದನ್ನು ನ್ಯಾಯವಾಗಿ ಹೇಳಲೇಬೇಕು.

ಇದಕ್ಕೆ ಸೇರಿದ ಹೊಸ ಬೆಳವಣಿಗೆಯೊಂದಿದೆ. 2019ರಿಂದ ಆರು ವರ್ಷ ಒಂದೂ ಚುನಾವಣೆಗೆ ಸ್ಪರ್ಧಿಸದ ನೋಂದಾಯಿತ ಪಕ್ಷಗಳನ್ನು ಪಟ್ಟಿಯಿಂದ ತೆಗೆಯುವ ಕಾರ್ಯವನ್ನು ಚುನಾವಣಾ ಆಯೋಗ ಕೈಗೊಂಡಿತು. 2025ರ ಆಗಸ್ಟ್‌ನಲ್ಲಿ 334, ಸೆಪ್ಟೆಂಬರ್‌ನಲ್ಲಿ 474 ಪಕ್ಷಗಳು ಪಟ್ಟಿಯಿಂದ ಹೊರಬಿದ್ದವು. ತೆರಿಗೆ ವಿನಾಯಿತಿಗಾಗಿ ಮಾತ್ರ ಬದುಕಿದ್ದ ಕಾಗದದ ಪಕ್ಷಗಳು ಹೋದರೆ ಯಾರೂ ಕಣ್ಣೀರು ಹಾಕಬೇಕಿಲ್ಲ. ಆದರೆ ಗೆಲ್ಲಲಾಗದ ಪಕ್ಷಕ್ಕೂ ಇಲ್ಲದ ಪಕ್ಷಕ್ಕೂ ವ್ಯತ್ಯಾಸವಿದೆ. ಠೇವಣಿ ಹೊಂದಿಸಲಾಗದೆ ಒಂದೆರಡು ಚುನಾವಣೆಗಳಿಂದ ಹೊರಗುಳಿದ ಬಡ ಕಾರ್ಯಕರ್ತರ ಪಕ್ಷವೂ ನಕಲಿ ವಿಳಾಸದ ಪಕ್ಷವೂ ಒಂದೇ ಜರಡಿಯಲ್ಲಿ ಸೋಸಿಹೋಗಬಾರದು.

ಬೇರೆ ದೇಶಗಳು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿವೆ. ನಾವು ಅನುಕರಿಸಿದ ಬ್ರಿಟನ್ನಿನಲ್ಲಿಯೇ ಶೇ 5ರಷ್ಟು ಮತ ಪಡೆದರೆ ಠೇವಣಿ ಹಿಂತಿರುಗುತ್ತದೆ. ನಮ್ಮಲ್ಲಿ ಶೇ 16ಕ್ಕೂ ಹೆಚ್ಚು ಬೇಕು. ಜರ್ಮನಿಯ ಮಿಶ್ರ ಪದ್ಧತಿಯಲ್ಲಿ 2025ರ ಫೆಬ್ರುವರಿಯಲ್ಲಿ ಎಡಪಂಥೀಯ ಡಿ ಲಿಂಕೆ ಶೇ 8.8ರಷ್ಟು ಮತಕ್ಕೆ 64 ಸ್ಥಾನ ಪಡೆಯಿತು. ನೆರೆಯ ನೇಪಾಳದ ಉದಾಹರಣೆ ಇನ್ನೂ ಹತ್ತಿರದ್ದು. 2006ರ ಶಾಂತಿ ಒಪ್ಪಂದದ ನಂತರ 2008ರಲ್ಲಿ ಸಂವಿಧಾನ ಸಭೆಗೆ ನಡೆದ ಚುನಾವಣೆಯಲ್ಲಿ 240 ಸ್ಥಾನಗಳಿಗೆ ನೇರ ಸ್ಪರ್ಧೆ, 335 ಸ್ಥಾನಗಳಿಗೆ ಅನುಪಾತ ಪ್ರಾತಿನಿಧ್ಯವಿತ್ತು. ಹತ್ತು ವರ್ಷ ಕಾಡಿನಲ್ಲಿ ಯುದ್ಧ ಮಾಡಿದವರು ಅತಿ ದೊಡ್ಡ ಪಕ್ಷವಾಗಿ ಸಭೆಗೆ ಬಂದರು. ಮುಂದೆ ಸೋತಾಗಲೂ ಕಾಡಿಗೆ ಹಿಂತಿರುಗಲಿಲ್ಲ. ಅನುಪಾತ ಪದ್ಧತಿಯಿಂದ ನೇಪಾಳದಲ್ಲಿ ಸರ್ಕಾರಗಳು ಅಸ್ಥಿರವಾದವೆಂಬ ಟೀಕೆಯಲ್ಲಿ ಹುರುಳಿದೆ. ಆದರೆ ಅಸ್ಥಿರ ಸರ್ಕಾರ ಮತ್ತು ಅಂತರ್ಯುದ್ಧಗಳ ನಡುವೆ ಆಯ್ಕೆ ಮಾಡಬೇಕಾಗಿ ಬಂದರೆ ವಿವೇಕಿಗಳು ಯಾವುದನ್ನು ಆರಿಸುತ್ತಾರೆಂಬುದನ್ನು ಹೇಳಬೇಕಾಗಿಲ್ಲ.

ನಮ್ಮಲ್ಲಿಯೂ ಈ ಚಿಂತನೆ ನಡೆಯದೇ ಇಲ್ಲ. ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿಯೇ ಸದನದ ಸ್ಥಾನಗಳನ್ನು ಹೆಚ್ಚಿಸಿ, ಹೆಚ್ಚುವರಿ ಸ್ಥಾನಗಳನ್ನು ಪಕ್ಷಗಳ ಮತಪಾಲಿಗೆ ಅನುಗುಣವಾಗಿ ಪಟ್ಟಿ ಪದ್ಧತಿಯಲ್ಲಿ ತುಂಬುವ ಸಲಹೆ ನೀಡಿತ್ತು. ಇಡೀ ಪದ್ಧತಿಯನ್ನು ಬುಡಮೇಲು ಮಾಡದೆ ಅಂಥ ಸಣ್ಣ ಪ್ರಮಾಣದ ಪ್ರಯೋಗವನ್ನು ಒಂದೆರಡು ರಾಜ್ಯಗಳ ವಿಧಾನಸಭೆಗಳಲ್ಲಿ, ಇಲ್ಲವೇ ಮಹಾನಗರಪಾಲಿಕೆಗಳಲ್ಲಿ ಮಾಡಿ ನೋಡಬಹುದು. ಠೇವಣಿ ಉಳಿಸಿಕೊಳ್ಳುವ ಮಿತಿಯನ್ನು ಆರನೇ ಒಂದು ಭಾಗದಿಂದ ಇಪ್ಪತ್ತನೇ ಒಂದು ಭಾಗಕ್ಕೆ ಇಳಿಸಬಹುದು. ಪಕ್ಷಗಳ ವೆಚ್ಚಕ್ಕೂ ಮಿತಿ ಹೇರಬೇಕು. ಸರ್ಕಾರಿ ನೆರವು ಎಂದಾದರೂ ಬರುವುದಾದರೆ ಅದು ಗೆದ್ದ ಸ್ಥಾನಕ್ಕಲ್ಲ, ಪಡೆದ ಮತಕ್ಕೆ ತಕ್ಕಂತೆ ಸಲ್ಲಬೇಕು. ಪಟ್ಟಿಯಿಂದ ಕೈಬಿಡುವ ಮೊದಲು ಪಕ್ಷದ ಅಸ್ತಿತ್ವವನ್ನು ಅದರ ಊರಿನಲ್ಲಿಯೇ ಪರಿಶೀಲಿಸುವ ಕ್ರಮ ಕಡ್ಡಾಯವಾಗಬೇಕು.

ಪ್ರತಿಯಾಗಿ ಸಣ್ಣ ಪಕ್ಷಗಳ ಮೇಲೂ ಹೊಣೆಯಿದೆ. ಹಿಂಸೆಯನ್ನು ಸಂದರ್ಭಕ್ಕೆ ತಕ್ಕಂತೆ ಅಲ್ಲ, ನಿಸ್ಸಂದಿಗ್ಧವಾಗಿ ತ್ಯಜಿಸಬೇಕು, ಲೆಕ್ಕಪತ್ರ ಪಾರದರ್ಶಕವಾಗಿರಬೇಕು, ಬದಲಾದ ದುಡಿಮೆಯ ಲೋಕಕ್ಕೆ ಹೊಂದುವ ಕಾರ್ಯಕ್ರಮ ರೂಪಿಸಬೇಕು. ಪ್ರತಿಭಟನೆಯೊಂದನ್ನೇ ಬಂಡವಾಳ ಮಾಡಿಕೊಂಡ ಪಕ್ಷವನ್ನು ಮತದಾರ ಮೆಚ್ಚಬಹುದು, ಅದಕ್ಕೆ ಆಡಳಿತ ಒಪ್ಪಿಸಲಾರ.

ಕರ್ನಾಟಕದ ಮಟ್ಟಿಗೆ ಈ ಚರ್ಚೆ ತಾತ್ವಿಕವಾದದ್ದಷ್ಟೇ ಅಲ್ಲ. 2005ರ ಫೆಬ್ರುವರಿಯಲ್ಲಿ ಚಿಕ್ಕಮಗಳೂರಿನ ಕಾಡಿನಲ್ಲಿ ಸಾಕೇತ್ ರಾಜನ್ ಹತರಾದ ಕಾಲದಿಂದ ಮಲೆನಾಡು ಸಾಕಷ್ಟು ರಕ್ತ ಕಂಡಿದೆ. 2014ರ ಡಿಸೆಂಬರ್‌ನಲ್ಲಿ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಅವರಿದ್ದ ನಾಗರಿಕ ಸಮಿತಿಯ ಮಧ್ಯಸ್ಥಿಕೆಯಿಂದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಸಾರ್ವಜನಿಕ ಜೀವನಕ್ಕೆ ಮರಳಿದರು. ಆ ದಾರಿಯಲ್ಲಿಯೇ 2025ರಲ್ಲಿ ಉಳಿದವರೂ ಬಂದರು. ಈಗ ಅವರಿಗೆ ಪುನರ್ವಸತಿಯ ಹಣ, ಮನೆ, ಮೊಕದ್ದಮೆಗಳ ಶೀಘ್ರ ವಿಚಾರಣೆಗಳ ಬಗ್ಗೆ ಮಾತು ನಡೆಯುತ್ತದೆ, ಅದು ಬೇಕಾದದ್ದೇ. ಆದರೆ ಕಾಡಿಗೆ ಹೋದವರು ಮನೆಯಿಲ್ಲದೆ ಹೋದವರಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಎತ್ತಂಗಡಿಯ ಭೀತಿ, ಭೂಮಿಯ ಹಕ್ಕುಪತ್ರ, ಕೂಲಿ - ಇಂಥ ಪ್ರಶ್ನೆಗಳ ಬೆನ್ನು ಹತ್ತಿ ಹೋದವರು. ಆ ಪ್ರಶ್ನೆಗಳಿಗೂ ಪುನರ್ವಸತಿ ಬೇಕು, ಮತ್ತು ಅದರ ಸ್ಥಳ ಶಾಸನಸಭೆ.

ಕೇಂದ್ರ ಸರ್ಕಾರ ನಕ್ಸಲೀಯ ಹಿಂಸೆಯ ಅಂತ್ಯಕ್ಕೆ 2026ರ ಮಾರ್ಚ್ 31ರ ಗಡುವು ಹಾಕಿಕೊಂಡಿತ್ತು. ಗಡುವು ಹಾಕಿ ಬಂದೂಕುಗಳನ್ನು ಎಣಿಸಬಹುದು. ಅಸಮಾಧಾನಕ್ಕೆ ಗಡುವು ಹಾಕಲಾಗದು. ಅದು ಎಲ್ಲಿಯೋ ಒಂದು ಕಡೆ ದನಿಯಾಗಲೇಬೇಕು. ಆ ದನಿ ಮತಯಂತ್ರದ ಕೊನೆಯ ಗುಂಡಿಗಳಲ್ಲೊಂದಾಗಿ, ಸಾವಿರ ಚಿಲ್ಲರೆ ಮತ ಪಡೆದು, ಠೇವಣಿ ಕಳೆದುಕೊಂಡು ಮನೆಗೆ ಹೋಗಿ ಐದು ವರ್ಷದ ನಂತರ ಮತ್ತೆ ನಾಮಪತ್ರ ಹಿಡಿದು ಬರುವುದಾದರೆ, ರಾಜ್ಯವ್ಯವಸ್ಥೆಗೆ ಅದಕ್ಕಿಂತ ಅಗ್ಗದ ವಿಮೆ ಇನ್ನೊಂದಿಲ್ಲ. ಆ ವಿಮೆಯ ಕಂತನ್ನು ಇದುವರೆಗೆ ಬಡಪಕ್ಷಗಳೇ ತಮ್ಮ ಠೇವಣಿಯಿಂದ ಕಟ್ಟುತ್ತ ಬಂದಿವೆ. ಇನ್ನಾದರೂ ಅದರಲ್ಲಿ ಒಂದು ಪಾಲನ್ನು ಪ್ರಜಾಪ್ರಭುತ್ವ ತಾನೇ ಭರಿಸುವುದು ನ್ಯಾಯ.